ಹಿಟ್ಟಿನ ಮೂಟೆಗೆ ಕಟ್ಟಿದ ಬಿಲ್ಲೆ

ನಮ್ಮ ಲುಮ್ಮೆಲಾದಲ್ಲಿ ಚಳಿಗಾಲ ಬಂದರೆ ಬೀಳದವರು ಯಾರೂ ಇಲ್ಲ. ಪಾದ್ರಿ ಬಿದ್ದಿದ್ದಾರೆ, ಅಂಚೆಯವಳು ಬಿದ್ದಿದ್ದಾಳೆ. ಹೋದ ವರ್ಷ ಚರ್ಚಿನ ಮೆಟ್ಟಿಲ ಬಳಿ ಬಿದ್ದ ಪಾದ್ರಿಯನ್ನು ಎತ್ತಲು ಅಂಚೆಯವಳು ಹೋದಳು, ಅವಳನ್ನು ಎತ್ತಲು ಅಂಗಡಿಯವನು ಹೋದ, ಅವನನ್ನು ಎತ್ತಲು ಇನ್ನೊಬ್ಬ. ಹೀಗೆ ಹನ್ನೊಂದು ಮಂದಿ ಒಬ್ಬರ ಮೇಲೊಬ್ಬರು ಪೇರಿಸಿಕೊಂಡು ಬಿದ್ದವರು, ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆಯೇ ಬೇರೆ ಬೇರೆಯಾದದ್ದು.

ಚಳಿಯೂ ಅಂಥದ್ದೇ. ಸರೋವರದ ಮೇಲೆ ಮೀನು ಹಿಡಿಯಲು ಕೂತವನೊಬ್ಬ ಜೋರಾಗಿ ಸೀನಿದ. ಮೀಸೆ ಮುರಿದು ಕೆಳಗೆ ಬಿತ್ತು. ಅವನ ಹೆಂಡತಿ ಅದಕ್ಕೊಂದು ಹಿಡಿ ಹಾಕಿಸಿ ಇವತ್ತಿಗೂ ಒಲೆಯ ಬೂದಿ ಗುಡಿಸುತ್ತಾಳೆ.

ಇಂಥ ಊರಿನಲ್ಲಿ ಜನವರಿ ತಿಂಗಳಲ್ಲಿ ಓಡುವ ಮನುಷ್ಯ ಒಬ್ಬನೇ ಒಬ್ಬ ಇದ್ದ. ಅವನ ಹೆಸರು ಓಸ್ಮೊ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ವಯಸ್ಸು ಐವತ್ತೊಂಬತ್ತು, ತೂಕ ಅರವತ್ತೆರಡು ಕಿಲೋ, ಅದೂ ಒದ್ದೆ ಕೋಟು ಹಾಕಿಕೊಂಡು ನಿಂತರೆ. ಗೋಡೆಗೆ ಒರಗಿ ನಿಂತಿದ್ದಾಗ ಜನ ಅವನನ್ನು ಹಿಮದಲ್ಲಿ ಊರುವ ಕೋಲೆಂದುಕೊಂಡು ಕೈಗೆತ್ತಿಕೊಂಡದ್ದೂ ಉಂಟು. ಅವನ ಹೆಂಡತಿ ಹೆಲ್ವಿ ಹಸು ಕಟ್ಟಿದವಳು. ಒಂದು ಕಂಕುಳಲ್ಲಿ ಕರು, ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಕರು ಒದ್ದರೂ ಕಾಫಿ ಚೆಲ್ಲುತ್ತಿರಲಿಲ್ಲ.

ಓಸ್ಮೊ ಓಡುತ್ತಿದ್ದದ್ದು ಆರೋಗ್ಯಕ್ಕಾಗಿ ಅಲ್ಲ, ಜುಲೈ ತಿಂಗಳಿಗಾಗಿ. ಪ್ರತಿ ಜುಲೈನಲ್ಲಿ ಪಕ್ಕದ ಊರಿನಲ್ಲಿ ಹೆಂಡತಿ ಹೊರುವ ಓಟ ನಡೆಯುತ್ತದೆ. ಹೆಂಡತಿಯನ್ನು ಬೆನ್ನಿಗೆ ತಲೆಕೆಳಗಾಗಿ ನೇತುಹಾಕಿಕೊಳ್ಳಬೇಕು, ಎರಡು ಮರದ ಅಡ್ಡ ಹಾರಬೇಕು, ಸೊಂಟದುದ್ದ ನೀರಿನಲ್ಲಿ ಹಾಯಬೇಕು, ಗುರಿ ಮುಟ್ಟಬೇಕು. ಗೆದ್ದವರಿಗೆ ಹೊತ್ತು ತಂದ ಹೆಂಡತಿಯ ತೂಕದಷ್ಟು ಬಿಯರ್. ಓಸ್ಮೊ ಮೂರು ವರ್ಷದಿಂದ ಎರಡನೆಯವನು. ಮೂರು ವರ್ಷವೂ ಮೊದಲು ಬಂದವನು ಎದುರು ಮನೆಯ ಕೌಕೊ. ಅಂತರ ಹೆಚ್ಚೇನಿಲ್ಲ, ಕಾಲಿನ ಹೆಬ್ಬೆರಳಿನಷ್ಟು. ಆದರೆ ಆ ಹೆಬ್ಬೆರಳು ಓಸ್ಮೊನ ಗಂಟಲಲ್ಲಿ ಮೂರು ವರ್ಷದಿಂದ ಸಿಕ್ಕಿಕೊಂಡಿತ್ತು.

ಹೊಸ ವರ್ಷದ ದಿನ ಹೆಲ್ವಿ ಖಡಾಖಂಡಿತವಾಗಿ ಹೇಳಿಬಿಟ್ಟಳು. "ಇದೊಂದೇ ವರ್ಷ ಮುದುಕಾ. ಈ ಜುಲೈಗೆ ಗೆದ್ದರೆ ಸರಿ. ಇಲ್ಲಾಂದ್ರೆ ಮುಂದಿನ ವರ್ಷದಿಂದ ನಾನು ನೇತಾಡಲ್ಲ. ರಕ್ತವೆಲ್ಲ ತಲೆಗೆ ಇಳಿಯುತ್ತೆ, ನಿನ್ನ ಹಿಮ್ಮಡಿ ನೋಡಿ ನೋಡಿ ಸಾಕಾಗಿದೆ."

ಮರುದಿನವೇ ಓಸ್ಮೊ ಐವತ್ತು ಕಿಲೋ ಗೋಧಿ ಹಿಟ್ಟಿನ ಮೂಟೆ ತಂದ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಊರು ಸುತ್ತತೊಡಗಿದ.

"ಅದಕ್ಕೆ ನನ್ನ ಹೆಸರಿಟ್ಟಿದ್ದೀಯಂತೆ?" ಅಂದಳು ಹೆಲ್ವಿ.

"ಹೂಂ ಕಣೇ. ನೀನೂ ಐವತ್ತು ಕಿಲೋ, ಅದೂ ಐವತ್ತು ಕಿಲೋ."

ಹೆಲ್ವಿಯ ನಿಜವಾದ ತೂಕ ಊರಿಗೆಲ್ಲ ಗೊತ್ತಿತ್ತು. ಆದರೂ ಈ ಮಾತಿಗೆ ಅವಳು ಅವತ್ತು ಓಸ್ಮೊನಿಗೆ ಎರಡು ಬನ್ ಜಾಸ್ತಿ ಕೊಟ್ಟಳು.

"ಒಂದೇ ವ್ಯತ್ಯಾಸ," ಎಂದು ಬನ್ನು ಬಾಯಲ್ಲಿಟ್ಟುಕೊಂಡು ಸೇರಿಸಿದ ಓಸ್ಮೊ. "ಅದು ಮಾತಾಡಲ್ಲ." ಎರಡನೆಯ ಬನ್ನು ವಾಪಸು ಹೋಯಿತು.

ಜನವರಿಯ ಮೂರನೆಯ ವಾರ ಹವೆ ಕೆಟ್ಟಿತು. ಬುಧವಾರ ಮಳೆಯಾಗಿ ಹಿಮವೆಲ್ಲ ಕೆಸರಾಯಿತು. ಗುರುವಾರ ಚಳಿ ತಿರುಗಿ ಬಂದು ಆ ಕೆಸರನ್ನು ಗಾಜು ಮಾಡಿತು. ಶನಿವಾರ ಬೆಳಿಗ್ಗೆ ಆ ಗಾಜಿನ ಮೇಲೆ ಜರಡಿ ಹಿಡಿದ ಸಕ್ಕರೆಯಂತೆ ಹೊಸ ಹಿಮ ತೆಳ್ಳಗೆ ಉದುರಿತು. ಊರು ನೋಡಲು ಎಷ್ಟು ಚೆಂದ ಇತ್ತೆಂದರೆ, ನೋಡುತ್ತಾ ನಿಂತ ನಾಲ್ಕು ಮಂದಿ ನಿಂತಲ್ಲೇ ಜಾರಿ ಬಿದ್ದರು.

ರೇಡಿಯೋ ಹೇಳಿತು: "ಇವತ್ತು ತಲೆಬುರುಡೆ ದಿನ. ಕಾಲ್ನಡಿಗೆಯವರು ಎಚ್ಚರ." ಜಾರಿಕೆ ತೀರಾ ಹೆಚ್ಚಾದ ದಿನಕ್ಕೆ ನಮ್ಮಲ್ಲಿ ಹೇಳುವ ಹೆಸರೇ ಅದು.

ಓಸ್ಮೊ ಅಡುಗೆಮನೆಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದ. ಅಷ್ಟರಲ್ಲಿ ಬಾಗಿಲು ತೆರೆದು ಊರಿನ ನರ್ಸ್ ಮಾರ್ಯುತ್ ಒಳಬಂದಳು. ಮಾರ್ಯುತ್ ಜಾರುಕುರ್ಚಿಯಲ್ಲಿ ಊರು ತಿರುಗುವವಳು. ಎರಡು ಉಕ್ಕಿನ ಪಟ್ಟಿಯ ಮೇಲೆ ಒಂದು ಕುರ್ಚಿ. ಒಂದು ಕಾಲು ಪಟ್ಟಿಯ ಮೇಲಿಟ್ಟು ಇನ್ನೊಂದರಿಂದ ಒದೆಯುತ್ತಾ ಹೋಗುವುದು. ಹೆರಿಗೆ ಎಂದು ಕರೆ ಬಂದರೆ ಅವಳು ಒದ್ದು ಬರುವ ವೇಗಕ್ಕೆ, ಮಗುವಿಗಿಂತ ಹತ್ತು ನಿಮಿಷ ಮೊದಲೇ ತಲುಪಿ ಕಾಫಿ ಕುಡಿದು ಮುಗಿಸಿರುತ್ತಿದ್ದಳು.

"ಓಸ್ಮೊ, ಎಲ್ಲಿಗೆ ಸವಾರಿ?"

"ಓಡೋಕೆ ಸಿಸ್ಟರ್. ಜುಲೈ ಬಂತಲ್ಲ."

"ಇದು ಜನವರಿ. ರೇಡಿಯೋ ಕೇಳಿಸ್ಕೊಂಡ್ರಾ?"

"ರೇಡಿಯೋದವನು ಹೆಲ್ಸಿಂಕಿಯಲ್ಲಿ ಕೂತಿರ್ತಾನೆ. ನನ್ನ ತಲೆಬುರುಡೆ ವಿಷಯ ಅವನಿಗೇನು ಗೊತ್ತು?"

"ನಿಮ್ಮ ತಲೆಬುರುಡೆ ಒಳಗೆ ಏನಿದೆ ಅಂತ ನನಗೂ ಗೊತ್ತಿಲ್ಲ," ಎಂದು ಮಾರ್ಯುತ್ ಕುರ್ಚಿ ಎಳೆದು ಕೂತಳು. "ಆದರೆ ಹೊರಗಡೆ ಏನಿದೆ ಗೊತ್ತು. ಬರಿ ಐಸ್ ಆದರೆ ಕಣ್ಣಿಗೆ ಕಾಣುತ್ತೆ, ಕಾಲು ತಾನೇ ಹುಷಾರಾಗುತ್ತೆ. ಇವತ್ತು ಐಸ್ ಮೇಲೆ ಹೊಸ ಹಿಮ ಕೂತಿದೆ. ಕಾಣೋದಿಲ್ಲ. ಹಿಮದ ಮೇಲೆ ಕಾಲಿಟ್ಟೆ ಅಂದ್ಕೋತೀರಿ, ಇಟ್ಟಿರೋದು ಎಣ್ಣೆ ಸವರಿದ ಗಾಜಿನ ಮೇಲೆ."

"ನನ್ನ ಕಾಲಿಗೆ ಕಣ್ಣಿದೆ ಸಿಸ್ಟರ್. ನಮ್ಮಜ್ಜ ಇದೇ ಐಸ್ ಮೇಲೆ ಕರಡಿ ಅಟ್ಟಿಸ್ಕೊಂಡು ಬಂದಾಗ ಓಡಿದವನು."

"ಆಮೇಲೆ?" ಎಂದಳು ಹೆಲ್ವಿ ಕಾಫಿ ಸುರಿಯುತ್ತಾ.

"ಆಮೇಲೇನು?"

"ಬಿದ್ದ, ಸೊಂಟ ಮುರ್ಕೊಂಡ. ಕರಡಿನೂ ಬಿತ್ತು, ಅದಕ್ಕೇ ಬದುಕಿದ. ಪೂರ್ತಿ ಹೇಳು ಮುದುಕಾ."

ಮಾರ್ಯುತ್ ಚೀಲದಿಂದ ಒಂದು ಜೊತೆ ರಬ್ಬರಿನ ಪಟ್ಟಿ ತೆಗೆದಳು. ತಳದಲ್ಲಿ ಸಣ್ಣ ಸಣ್ಣ ಉಕ್ಕಿನ ಮೊಳೆ. "ಇದನ್ನ ಬೂಟಿನ ಮೇಲೆ ಎಳ್ಕೊಳ್ಳಿ. ಮೊಳೆ ಐಸ್ ಕಚ್ಚುತ್ತೆ. ಆದರೂ ಇವತ್ತಿನಂಥ ದಿನ ಮೊಳೆ ಇದ್ದೋರೂ ಓಡಬಾರದು, ನಿಧಾನಕ್ಕೆ ನಡೀಬೇಕು."

ಓಸ್ಮೊ ಆ ಪಟ್ಟಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇದನ್ನ ಹಾಕ್ಕೊಂಡು ಕೌಕೊ ಮನೆ ಮುಂದೆ ಹೋಗಲಾ? 'ಅಜ್ಜಿ, ಮಾರ್ಕೆಟ್ಟಿಗೆ ಹೊರಟ್ಯಾ' ಅಂತಾನೆ ಅವನು."

"ಹಾಗಾದ್ರೆ ಈ ಉಣ್ಣೆ ಕಾಲುಚೀಲನಾದ್ರೂ ಹಾಕ್ಕೋ," ಎಂದು ಹೆಲ್ವಿ ತನ್ನ ತಾಯಿ ಹೆಣೆದ ಬೂದು ಬಣ್ಣದ ಕಾಲುಚೀಲ ಚಾಚಿದಳು. ಹೆಲ್ವಿಯ ತಾಯಿ ಹೆಣೆದ ಕಾಲುಚೀಲ ಎಂದರೆ ಒಂದೊಂದರಲ್ಲೂ ಒಂದು ಹಂದಿಮರಿ ಮಲಗಬಹುದು. "ಬೂಟಿನ ಒಳಗಲ್ಲ, ಮೇಲೆ. ಒರಟು ಉಣ್ಣೆ ಐಸ್ ಮೇಲೆ ಜಾರಲ್ಲ. ಹಸು ಕಟ್ಟೋಕೆ ಹೋಗುವಾಗ ನಾನು ಹಾಕ್ಕೊಳ್ಳೋದೇ ಹಾಗೆ."

"ಬೂಟಿನ ಮೇಲೆ ಕಾಲುಚೀಲನಾ! ಆಮೇಲೆ ಕೋಟಿನ ಮೇಲೆ ಚಡ್ಡಿ ಹಾಕ್ಕೋ ಅಂತೀಯಾ?"

"ಹೆಲ್ವಿ ಹೇಳೋದು ಸರಿ," ಎಂದಳು ಮಾರ್ಯುತ್. "ಬೇರೇನೂ ಇಲ್ಲದಾಗ ಅಂಗಳ ದಾಟೋಕೆ ಅದು ಸಾಕು. ಓಡೋಕಲ್ಲ ಮತ್ತೆ. ಓಡೋ ದಿನ ಮೊಳೆನೇ ಬೇಕು. ಇನ್ನೊಂದು, ಒಳಗಡೆ ಹತ್ತಿ ಬನಿಯನ್ ಹಾಕಿದ್ದೀರಲ್ಲ, ಅದು ಬೆವರು ಕುಡಿದು ಒದ್ದೆಯಾಗೇ ಇರುತ್ತೆ. ನಿಂತ ಕೂಡಲೇ ಮೈ ಹೆಪ್ಪುಗಟ್ಟುತ್ತೆ. ಮೈಗೆ ಉಣ್ಣೆ, ಮೇಲೆ ಗಾಳಿ ತಡೆಯೋದು. ಮತ್ತೆ ಬೆಳಕು ಮೂರು ಗಂಟೆಗೇ ಹೋಗುತ್ತೆ, ಲೈಟ್ ಬಿದ್ರೆ ಹೊಳೆಯೋ ಒಂದು ರಿಫ್ಲೆಕ್ಟರ್ ಬಿಲ್ಲೆ ಕಟ್ಕೊಳ್ಳಿ. ಜೇಬಲ್ಲಿ ಫೋನ್ ಇಟ್ಕೊಳ್ಳಿ. ಎಲ್ಲಿಗೆ ಹೋಗ್ತೀನಿ ಅಂತ ಹೆಲ್ವಿಗೆ ಹೇಳಿ ಹೋಗಿ."

"ಮೊಳೆ, ಬಿಲ್ಲೆ, ಫೋನು, ಉಣ್ಣೆ. ಓಡೋಕೆ ಹೊರಟಿದ್ದೀನಾ, ಮದುವೆ ದಿಬ್ಬಣಾನಾ?"

"ಆಯ್ತು ಬಿಡಿ. ಇವತ್ತು ಕಾಲು ಮುರಿದ್ರೆ ಜುಲೈನಲ್ಲಿ ಹೆಲ್ವಿನ ಯಾರು ಹೊರ್ತಾರೆ?"

ಈ ಮಾತು ಓಸ್ಮೊನಿಗೆ ಸ್ವಲ್ಪ ನಾಟಿತು. ಸ್ವಲ್ಪವೇ. ಅವನು ಕಾಫಿಯ ತಳ ನೋಡುತ್ತಾ ಯೋಚಿಸಿದ. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ರಸ್ತೆ ಬಂದ್ ಆದರೆ ಬಳಸುದಾರಿ ಹೊಳೆಯದೇ ಇರುತ್ತದೆಯೇ?

"ಸರಿ ಸಿಸ್ಟರ್. ಇವತ್ತು ರಸ್ತೆ ಮೇಲೆ ಓಡಲ್ಲ. ಸಾಕಾ?"

"ಸಾಕು," ಎಂದಳು ಮಾರ್ಯುತ್. 'ರಸ್ತೆ ಮೇಲೆ' ಎಂಬುದನ್ನು ಅವಳು ಗಮನಿಸಲಿಲ್ಲ. ಹೆಲ್ವಿ ಗಮನಿಸಿದಳು. ಅವಳು ಗೂಟದಲ್ಲಿದ್ದ ತನ್ನ ಕೋಟಿನ ರಿಫ್ಲೆಕ್ಟರ್ ಬಿಲ್ಲೆ ಬಿಚ್ಚಿ ತಂದು, ಬಾಗಿಲ ಬಳಿ ಇದ್ದ ಹಿಟ್ಟಿನ ಮೂಟೆಗೆ ಪಿನ್ನು ಚುಚ್ಚಿ ಕಟ್ಟಿದಳು. ಕಾಡುಕೋಣದ ಆಕಾರದ ಪುಟ್ಟ ಬಿಲ್ಲೆ.

"ಮೂಟೆಗೆ ಯಾಕೆ?" ಎಂದ ಓಸ್ಮೊ.

"ನೀನಂತೂ ಕಟ್ಕೊಳ್ಳಲ್ಲ. ಮೂಟೆಗೆ ನನ್ನ ಹೆಸರಿಟ್ಟಿದ್ದೀಯಲ್ಲ, ನನ್ನ ಹೆಸರಿನ ಮೇಲೆ ಲಾರಿ ಹತ್ತಬಾರದು ಅಂತ."

ಶನಿವಾರ ಎಂದರೆ ಸೌನಾದ, ಅಂದರೆ ಹಬೆಸ್ನಾನದ ದಿನ. ಊರಿನ ಸೌನಾ ಸರೋವರದ ದಡದಲ್ಲಿದೆ. ಎರಡರಿಂದ ಮೂರೂವರೆಯವರೆಗೆ ಹೆಂಗಸರ ಸರದಿ, ನಾಲ್ಕಕ್ಕೆ ಗಂಡಸರದ್ದು. ಸೌನಾದ ಬಾಗಿಲಿನಿಂದ ಇಳಿಜಾರಿನಲ್ಲಿ ಎಪ್ಪತ್ತು ಹೆಜ್ಜೆ ಇಳಿದರೆ ಸರೋವರದ ಐಸಿನಲ್ಲಿ ಕೊರೆದ ಮುಳುಗುಗುಂಡಿ. ಬಿಸಿಹಬೆಯಲ್ಲಿ ಬೆಂದವರು ಹೋಗಿ ಅದರಲ್ಲಿ ಮುಳುಗಿ ಎದ್ದು ಬರುತ್ತಾರೆ. ಆ ದಾರಿಯೇ ಓಸ್ಮೊ ಹುಡುಕಿದ ಬಳಸುದಾರಿ. ಅವನ ಲೆಕ್ಕ ಹೀಗಿತ್ತು: ಅಲ್ಲಿ ಲಾರಿ ಇಲ್ಲ, ಹುಟ್ಟಿದಾಗಿನಿಂದ ಬರಿಗಾಲಲ್ಲಿ ತುಳಿದ ದಾರಿ. ಇಳಿಜಾರಿನಲ್ಲಿ ಓಡಿ ಇಳಿದು, ಗುಂಡಿ ಬಳಸಿ, ಓಡಿ ಹತ್ತಿದರೆ ಜುಲೈನ ಅಡ್ಡಗಳಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಇನ್ನೊಂದಿಲ್ಲ. ಅದಕ್ಕೂ ಮೊದಲು ಹತ್ತು ನಿಮಿಷ ಸೌನಾದಲ್ಲಿ ಕೂತರೆ ಮೈ ಸಡಿಲವಾಗುತ್ತದೆ, ಒಳಗೆ ಹೊಕ್ಕ ಬಿಸಿ ಎರಡು ಗಂಟೆ ಮೂಳೆಯಲ್ಲೇ ಇರುತ್ತದೆ.

ಲೆಕ್ಕದಲ್ಲಿ ಅವನು ಬಿಟ್ಟದ್ದು ಒಂದೇ. ಮೂವತ್ತು ಹೆಂಗಸರು ಒಂದೂವರೆ ಗಂಟೆ ಗುಂಡಿಯಿಂದ ಸೌನಾಕ್ಕೆ, ಸೌನಾದಿಂದ ಗುಂಡಿಗೆ ನೀರು ಸುರಿಸುತ್ತಾ ಓಡಾಡಿದ್ದರು. ಆ ನೀರೆಲ್ಲ ಬಿದ್ದಲ್ಲೇ ಕಲ್ಲಾಗಿತ್ತು. ಹೆಂಗಸರು ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡು, ದಾರಿಯ ಅಂಚಿನ ಕಂಬಗಳಿಗೆ ಕಟ್ಟಿದ ಹಗ್ಗ ಹಿಡಿದು ನಡೆದದ್ದರಿಂದ ಯಾರೂ ಬೀಳಲಿಲ್ಲ. ಮೂರೂವರೆಗೆ ಅವರೆಲ್ಲ ಪಕ್ಕದ ಕಾಫಿ ಕೋಣೆ ಸೇರಿದರು. ಆಗ ಇನ್ನೊಂದಿಷ್ಟು ಹೊಸ ಹಿಮ ಬಿದ್ದು ದಾರಿಯನ್ನು ಅಚ್ಚುಕಟ್ಟಾಗಿ ಮುಚ್ಚಿತು.

ಓಸ್ಮೊ ಹಿಂದಿನಿಂದ ನುಸುಳಿ ಬಂದು ಖಾಲಿ ಸೌನಾದಲ್ಲಿ ಹತ್ತು ನಿಮಿಷ ಕೂತ. ಬೆವರು ಧಾರೆಯಾಗಿ ಇಳಿಯಿತು. ಹತ್ತಿ ಬನಿಯನ್ನು, ತೆಳು ಜಾಕೆಟ್ಟು, ಬೂಟು ಹಾಕಿದ; ಮೂಟೆ ಬೆನ್ನಿಗೇರಿಸಿದ; ಫೋನು ಬೆವರಿಗೆ ಹಾಳಾದೀತೆಂದು ಗೂಟಕ್ಕೆ ನೇತುಹಾಕಿದ. ಹೊರಗೆ ಹದಿನೇಳು ಡಿಗ್ರಿ ಮೈನಸ್, ಕತ್ತಲು ಮಸುಕುಮಸುಕಾಗಿ ಇಳಿಯುತ್ತಿತ್ತು.

"ನಡಿ ಹೆಲ್ವಿ," ಎಂದು ಮೂಟೆಗೆ ಹೇಳಿ ಬಾಗಿಲು ದಾಟಿದ.

ಮೊದಲ ಹೆಜ್ಜೆ ಚೆನ್ನಾಗಿ ಬಿತ್ತು. ಎರಡನೆಯದು ಇನ್ನೂ ಚೆನ್ನಾಗಿ ಬಿತ್ತು. ಮೂರನೆಯದು ಬೀಳಲೇ ಇಲ್ಲ. ಎರಡೂ ಕಾಲು ಆಕಾಶಕ್ಕೆ ಹೋದವು, ಬೆನ್ನು ಮೂಟೆಯ ಮೇಲೆ ಬಿತ್ತು, ಮೂಟೆ ಐಸಿನ ಮೇಲೆ ಬಿತ್ತು. ಅಲ್ಲಿಂದ ಮುಂದೆ ಓಸ್ಮೊ ಓಡಲಿಲ್ಲ, ಆದರೆ ಅವನ ಜೀವಮಾನದಲ್ಲೇ ಅಷ್ಟು ವೇಗವಾಗಿ ಹೋಗಿರಲಿಲ್ಲ. ಇಳಿಜಾರು ಮುಗಿಯಿತು, ಓಸ್ಮೊ ಮುಗಿಯಲಿಲ್ಲ. ದಾರಿಯ ಅಂಚಿನ ಕಂಬಕ್ಕೆ ಬಲಗಾಲು ತಾಗಿ ಟಕ್ಕೆಂದಿತು. ಮುಳುಗುಗುಂಡಿಯ ಪಕ್ಕದಲ್ಲಿ ಗೇಣು ಅಂತರದಲ್ಲಿ ಹಾದುಹೋದಾಗ ಕಪ್ಪು ನೀರು ಅವನ ಮುಖ ನೋಡಿತು, ಅವನೂ ಅದನ್ನು ನೋಡಿದ. ಸರೋವರದ ಮೇಲೆ ಎಷ್ಟು ದೂರ ಜಾರಿದನೆಂದರೆ, ನಡುವೆ ಎರಡು ಸಲ ದಣಿವಾರಿಸಿಕೊಂಡ. ಕೊನೆಗೆ ಮೂಟೆ ಸಿಡಿದು, ಹಿಟ್ಟೆಲ್ಲ ಮೇಲೆದ್ದು ಅವನ ಮೇಲೇ ಸುರಿಯಿತು.

ಈಗ ನೋಡಿ: ಬಿಳಿ ಸರೋವರ, ಬಿಳಿ ಹಿಮ, ತಲೆಯಿಂದ ಕಾಲಿನವರೆಗೆ ಬಿಳಿಯಾದ ಓಸ್ಮೊ. ಹತ್ತು ಹೆಜ್ಜೆ ದೂರದಲ್ಲಿ ಅವನ ತಾಯಿ ನಿಂತಿದ್ದರೂ ಮಗ ಕಾಣುತ್ತಿರಲಿಲ್ಲ.

ಏಳಲು ಹೋದ. ಬಲಗಾಲಿನ ಗಂಟು ಕಿರುಚಿತು. ಮತ್ತೆ ಕೂತ. "ಹೆಲ್ವೀ!" ಎಂದು ಕೂಗಿದ. ಕಾಫಿ ಕೋಣೆಯಿಂದ ಮೂವತ್ತು ಹೆಂಗಸರ ನಗು ಕೇಳಿಸಿತು. ಅಲ್ಲಿ ಹೆಲ್ವಿ, ಓಸ್ಮೊ ಮೂಟೆ ಹೊತ್ತು ಓಡುವುದನ್ನು ಅಭಿನಯಿಸಿ ತೋರಿಸುತ್ತಿದ್ದಳು. ಅವನು ಕೂಗಿದಷ್ಟೂ ಅವರು ನಕ್ಕರು.

ಐದು ನಿಮಿಷದಲ್ಲಿ ಮೂಳೆಯೊಳಗೆ ಎರಡು ಗಂಟೆ ಇರಬೇಕಿದ್ದ ಸೌನಾದ ಬಿಸಿ ಹೇಳದೆ ಕೇಳದೆ ಹೊರಟುಹೋಯಿತು. ಬೆವರು ಕುಡಿದ ಬನಿಯನ್ನು ತಗಡಾಯಿತು. ಹತ್ತು ನಿಮಿಷಕ್ಕೆ ಹಲ್ಲುಗಳು ಒಂದಕ್ಕೊಂದು ಬಡಿಯತೊಡಗಿದವು. ಹದಿನೈದು ನಿಮಿಷಕ್ಕೆ ಕಿವಿ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಹೆಲ್ವಿಯನ್ನು ಕರೆಯಲು ಬಾಯಿ ತೆರೆದರೆ ನಾಲಿಗೆ ದಪ್ಪಗಾಗಿ ಬರೀ "ಎಲೀ, ಎಲೀ" ಎಂದಿತು. ಆಮೇಲೆ, ಇದು ವಿಚಿತ್ರ, ಅವನಿಗೆ ನಿದ್ದೆ ಬರತೊಡಗಿತು. ಜುಲೈ ತಿಂಗಳು ಎಲ್ಲೋ ದೂರದಲ್ಲಿ, ಅವನಿಲ್ಲದೇ ನಡೆಯುತ್ತಿರುವಂತೆ ಕಂಡಿತು. ಐವತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಓಸ್ಮೊನಿಗೆ ಭಯವಾಯಿತು.

ಅಷ್ಟು ಹೊತ್ತಿಗೆ ಮಾರ್ಯುತ್ ಕಾಫಿ ಕೋಣೆಯಿಂದ ಮನೆಗೆ ಹೊರಟಿದ್ದಳು. ಹಣೆಗೆ ದೀಪ ಕಟ್ಟಿಕೊಂಡು ಜಾರುಕುರ್ಚಿ ತಿರುಗಿಸಿದಾಗ ಬೆಳಕು ಸರೋವರದ ಮೇಲೆ ಹಾಯಿತು. ಕತ್ತಲಲ್ಲಿ ಏನೋ ಮಿಣಕ್ಕೆಂದಿತು.

"ಹೆಲ್ವಿ, ಬಾ ಇಲ್ಲಿ. ಸರೋವರದ ಮೇಲಿಂದ ಯಾರೋ ಕಣ್ಣು ಹೊಡೀತಿದ್ದಾರೆ."

ಹೆಲ್ವಿ ಬಾಗಿಲಿಗೆ ಬಂದಳು. ಮಾರ್ಯುತ್ ತಲೆ ಆಡಿಸಿದಳು. ಬೆಳಕು ಹೋಗಿ ಬಂತು. ಪುಟ್ಟ ಕಾಡುಕೋಣವೊಂದು ದೂರದಲ್ಲಿ ಮತ್ತೆ ಮಿಣಕ್ಕೆಂದಿತು. ಹೆಲ್ವಿಯ ಕೈಯಲ್ಲಿದ್ದ ಕಾಫಿ ಚೆಲ್ಲಿತು. ಅವಳ ಕೈಯಿಂದ ಕಾಫಿ ಚೆಲ್ಲಿದ್ದನ್ನು ಊರು ನೋಡಿದ್ದು ಅದೊಂದೇ ಸಲ.

"ಅದು ನನ್ನ ಬಿಲ್ಲೆ," ಎಂದಳು.

ಗಂಡಸರು ಆಗಷ್ಟೇ ತಮ್ಮ ಸರದಿಗೆ ಬಂದಿದ್ದರು. ಮುಂದೆ ಕೌಕೊ. ವಿಷಯ ತಿಳಿದದ್ದೇ ತಡ, "ಬಂದೆ ಕಣೋ ಓಸ್ಮೊ!" ಎಂದು ಓಡಿದ.

"ಓಡಬೇಡಿ!" ಎಂದು ಮಾರ್ಯುತ್ ಕಿರುಚಿದಳು. ಕೌಕೊ ಬಿದ್ದ. ಅವನ ಹಿಂದಿದ್ದವನು ಬಿದ್ದ. ಆರು ಮಂದಿ ಗಂಡಸರು, ಒಬ್ಬೊಬ್ಬರೂ ನೂರು ಕಿಲೋ, ಇಳಿಜಾರಿನಲ್ಲಿ ಸಾಲಾಗಿ ಮಲಗಿ ಕೆಳಗಿಳಿದರು. ಹಗ್ಗ ಸಿಕ್ಕಿದ್ದರಿಂದ ಗುಂಡಿಗೆ ಬೀಳಲಿಲ್ಲ.

ಮಾರ್ಯುತ್ ಬೂಟಿಗೆ ಮೊಳೆಪಟ್ಟಿ ಎಳೆದುಕೊಂಡಳು, ಹೆಲ್ವಿ ಬೂಟಿನ ಮೇಲೆ ಆ ಹಂದಿಮರಿ ಕಾಲುಚೀಲ ಎಳೆದುಕೊಂಡಳು. ಇಬ್ಬರೂ ಹಗ್ಗ ಹಿಡಿದು, ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಪೂರ್ತಿ ಊರಿ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಬಾತುಕೋಳಿಗಳ ಹಾಗೆ ಇಳಿದರು. ಬಿದ್ದಿದ್ದ ಆರೂ ಗಂಡಸರನ್ನು ದಾಟಿ ಮುಂದೆ ಹೋದರು. ಹೋಗುತ್ತಾ ಹೆಲ್ವಿ ಕೌಕೊನಿಗೆ ಹೇಳಿದಳು, "ಅಜ್ಜಿ, ಮಾರ್ಕೆಟ್ಟಿಗೆ ಹೊರಟ್ಯಾ?"

ಓಸ್ಮೊ ಕಣ್ಣು ತೆರೆದ. ಎದುರಿಗೆ ಎರಡು ದೊಡ್ಡ ಬೂದು ಕಾಲುಚೀಲಗಳು ನಿಂತಿದ್ದವು. ಅಷ್ಟು ಚೆಂದದ ವಸ್ತುವನ್ನು ಅವನು ಜೀವನದಲ್ಲಿ ನೋಡಿರಲಿಲ್ಲ.

"ಮೂಟೆ ಒಡೀತು," ಎಂದ ತೊದಲುತ್ತಾ.

"ನಾನು ಗಟ್ಟಿಯಾಗಿದ್ದೀನಿ ಬಿಡು," ಎಂದಳು ಹೆಲ್ವಿ. ತನ್ನ ಒಣ ಕೋಟು ಬಿಚ್ಚಿ ಅವನಿಗೆ ಹೊದಿಸಿದಳು. ನಗಲಿಲ್ಲ, ಬೈಯಲಿಲ್ಲ. ಓಸ್ಮೊನಿಗೆ ಅದರಿಂದಲೇ ಹೆಚ್ಚು ಗಾಬರಿಯಾಯಿತು.

ಮಾರ್ಯುತ್ ತಲೆ, ಕುತ್ತಿಗೆ, ಬೆನ್ನು ನೋಡಿದಳು. ಮೂಟೆ ಮೆತ್ತಗಿದ್ದದ್ದರಿಂದ ಬೆನ್ನು ಉಳಿದಿತ್ತು. ಸೌನಾದ ಕಲ್ಲಿಗೆ ನೀರು ಎರಚುವ ಮರದ ಸೌಟನ್ನು ತರಿಸಿ, ಕಾಲಿಗೆ ಆಸರೆಯಾಗಿಟ್ಟು ಟವೆಲಿನಿಂದ ಬಿಗಿದಳು. ಐಸಿನ ಮೇಲೆ ಜಾರುಕುರ್ಚಿಯಲ್ಲಿ ಕೂರಿಸಿ ತಂದರು. ಇಳಿಜಾರು ಬಂದಾಗ ಕುರ್ಚಿ ಹತ್ತಲಿಲ್ಲ.

"ಕುತ್ತಿಗೆ, ಬೆನ್ನು ಸರಿಯಿದೆ. ಬೆನ್ನ ಮೇಲೆ ಹೊರಬಹುದು," ಎಂದಳು ಮಾರ್ಯುತ್. ಗಂಡಸರನ್ನು ನೋಡಿದಳು. ಅವರಲ್ಲಿ ಮೂವರು ಇನ್ನೂ ಎದ್ದಿರಲಿಲ್ಲ.

ಹೆಲ್ವಿ ತಿರುಗಿ ಬಗ್ಗಿದಳು. "ಹತ್ತು ಮುದುಕಾ."

ಎಪ್ಪತ್ತು ಹೆಜ್ಜೆಯ ಇಳಿಜಾರನ್ನು ಅವಳು ಇನ್ನೂರು ಪುಟ್ಟ ಹೆಜ್ಜೆಗಳಲ್ಲಿ ಹತ್ತಿದಳು. ಒಂದೂ ಜಾರಲಿಲ್ಲ. ಕೌಕೊ ಬಿದ್ದಲ್ಲಿಂದಲೇ ಗಡಿಯಾರ ನೋಡಿ ಕೂಗಿದ, "ಹೆಲ್ವಿ, ನಾಲ್ಕು ನಿಮಿಷ! ಓಸ್ಮೊ, ನಿನ್ನ ಟೈಮ್ ಇನ್ನೂ ಓಡ್ತಾ ಇದೆ!"

ಒಳಗೆ ತಂದ ಕೂಡಲೇ ಎಲ್ಲರೂ ವೈದ್ಯರಾದರು. ಒಬ್ಬ ಬೊಗಸೆಯಲ್ಲಿ ಹಿಮ ತಂದ. "ಕಿವಿಗೆ ಹಿಮ ಉಜ್ಜಿ! ನಮ್ಮಪ್ಪ ಉಜ್ಜುತ್ತಿದ್ದ."

"ಉಜ್ಜಬೇಡಿ. ಹಿಮಾನೂ ಬೇಡ, ಕೈನೂ ಬೇಡ. ಚರ್ಮ ಕಿತ್ತು ಬರುತ್ತೆ," ಎಂದು ಮಾರ್ಯುತ್ ತನ್ನ ಬಿಸಿ ಅಂಗೈಯನ್ನು ಅವನ ಕಿವಿಗೆ ಮೆಲ್ಲಗೆ ಒತ್ತಿ ಹಿಡಿದಳು.

"ಹಾಗಾದ್ರೆ ಸೌನಾದ ಮೇಲಿನ ಹಲಗೆ ಮೇಲೆ ಕೂರಿಸೋಣ," ಎಂದ ಕೌಕೊ. "ಎರಡು ಗುಟುಕು ವೋಡ್ಕಾ ಹಾಕಿದ್ರೆ ಹೆಣ ಕೂಡ ಎದ್ದು ಕೂರುತ್ತೆ."

"ಬದುಕಿರೋನು ಹೆಣ ಆಗ್ತಾನೆ. ಹೆಪ್ಪುಗಟ್ಟಿದ ಮೈಗೆ ಒಮ್ಮೆಲೇ ಅಷ್ಟು ಬಿಸಿ ಕೊಟ್ರೆ ಎದೆಗೆ ತ್ರಾಸ. ವೋಡ್ಕಾ ಕುಡಿದ್ರೆ ಬೆಚ್ಚಗೆ ಅನ್ಸುತ್ತೆ ಅಷ್ಟೆ, ಒಳಗಿನ ಬಿಸಿಯೆಲ್ಲ ಹೊರಗೆ ಹೋಗುತ್ತೆ. ಒದ್ದೆ ಬಟ್ಟೆ ತೆಗೀರಿ, ಒಣಗಿದ್ದು ಹಾಕಿ, ಕಂಬಳಿ ಹೊದಿಸಿ. ಬಿಸಿ ಹಣ್ಣಿನ ರಸ ಗುಟುಕು ಗುಟುಕಾಗಿ ಕೊಡಿ. ಕೌಕೊ, ನೀವು ಆಂಬುಲೆನ್ಸಿಗೆ ಫೋನ್ ಮಾಡಿ. ಕೂತ್ಕೊಂಡೇ ಮಾಡಿ."

ಗಂಟೆ ಕಳೆಯುವುದರೊಳಗೆ ಓಸ್ಮೊನ ನಾಲಿಗೆ ತೆಳ್ಳಗಾಯಿತು. ಮೊದಲ ಮಾತು ಕೇಳಿದ್ದು ಮಾರ್ಯುತ್‌ಳನ್ನು. "ಸಿಸ್ಟರ್, ಜುಲೈ?"

ಜುಲೈ ಬಗ್ಗೆ ಆಸ್ಪತ್ರೆಯ ಡಾಕ್ಟರು ಹೇಳಿದರು: ಎರಡು ಕಡೆ ಮೂಳೆ ಬಿರುಕು ಬಿಟ್ಟಿದೆ, ವಸಂತದ ಹೊತ್ತಿಗೆ ನಡೆಯಬಹುದು. ಆದರೆ ಆಗಸ್ಟ್ ಮುಗಿಯುವವರೆಗೆ ಮೂಟೆ ಹೊತ್ತು ಓಡುವಂತಿಲ್ಲ, ಹೆಂಡತಿಯನ್ನಂತೂ ಇಲ್ಲವೇ ಇಲ್ಲ.

ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಓಸ್ಮೊ ಮೂರು ದಿನ ಕಿಟಕಿಯಿಂದ ಕೌಕೊನ ಮನೆ ನೋಡುತ್ತಾ ಕೂತ. ನಾಲ್ಕನೆಯ ದಿನ ಹೆಲ್ವಿ ಹೊಸ ಹಿಟ್ಟಿನ ಮೂಟೆ ತಂದು ಅಡುಗೆಮನೆಯಲ್ಲಿ ಧೊಪ್ಪನೆ ಇಳಿಸಿದಳು.

"ಎಷ್ಟು ಕಿಲೋ?" ಎಂದ ಓಸ್ಮೊ.

"ಅರವತ್ತೆರಡು. ನಿಯಮದ ಪುಸ್ತಕ ಓದಿದೆ. ಗಂಡನೇ ಹೊರಬೇಕು ಅಂತ ಎಲ್ಲೂ ಬರ್ದಿಲ್ಲ. 'ಜೋಡಿಯಲ್ಲಿ ಒಬ್ಬರು ಇನ್ನೊಬ್ಬರನ್ನು' ಅಂತಿದೆ."

"ಅದಕ್ಕೆ ಹೆಸರು?"

"ಓಸ್ಮೊ. ಆದ್ರೆ ಇದು ಹೇಳಿದ ಮಾತು ಕೇಳುತ್ತೆ."

ಅವತ್ತಿನಿಂದ ಹೆಲ್ವಿ ತಾಲೀಮು ಶುರುಮಾಡಿದಳು. ಕಾವಲುಗಾರ ಓಸ್ಮೊ. ಬೆಳಿಗ್ಗೆ ಎದ್ದು ರೇಡಿಯೋ ಕೇಳುವುದು ಅವನ ಕೆಲಸ. ತಲೆಬುರುಡೆ ದಿನವಾದರೆ, "ಇವತ್ತು ಕೊಟ್ಟಿಗೆ ಒಳಗೇ ಓಡು," ಎಂದು ಅಪ್ಪಣೆ. ಹೆಲ್ವಿ ಹಸುಗಳ ಸಾಲಿನ ನಡುವೆ ಓಡುತ್ತಿದ್ದಳು. ಹಸುಗಳು ಅವಳ ಜೊತೆ ತಲೆ ತಿರುಗಿಸಿ ತಿರುಗಿಸಿ ಕುತ್ತಿಗೆ ಉದ್ದವಾಗಿ ಜಿರಾಫೆಗಳಂತಾದವು. ಒಳ್ಳೆಯ ದಿನವಾದರೆ ಮರಳು ಚೆಲ್ಲಿದ ರಸ್ತೆ, ಹಗಲು ಬೆಳಕು, ಬೂಟಿಗೆ ಮೊಳೆಪಟ್ಟಿ, ಮೈಗೆ ಉಣ್ಣೆ. ಮೂಗು ಬಾಯಿಗೆ ಬಟ್ಟೆ ಸುತ್ತಿ ತಣ್ಣನೆ ಗಾಳಿಯನ್ನು ಬೆಚ್ಚಗೆ ಮಾಡಿಕೊಂಡು, ಮೊದಲ ಹತ್ತು ನಿಮಿಷ ನಿಧಾನವಾಗಿ. ರಿಫ್ಲೆಕ್ಟರ್ ಬಿಲ್ಲೆಗಳನ್ನಂತೂ ಓಸ್ಮೊ ಅವಳ ಮೈಗೆಲ್ಲ ಎಷ್ಟು ಕಟ್ಟಿದನೆಂದರೆ, ಒಂದು ಸಂಜೆ ಲಾರಿಯವನೊಬ್ಬ ಊರಿಗೆ ವಿಮಾನ ನಿಲ್ದಾಣ ಬಂದಿದೆ ಎಂದುಕೊಂಡು ದಾರಿ ಬಿಟ್ಟು ನಿಂತ.

"ಫೋನ್ ತಗೊಂಡ್ಯಾ? ಎಷ್ಟು ಹೊತ್ತಿಗೆ ಬರ್ತೀಯಾ? ಯಾವ ದಾರಿ?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ಮದುವೆ ದಿಬ್ಬಣಾನಾ?" ಎನ್ನುತ್ತಿದ್ದಳು ಹೆಲ್ವಿ. ಆದರೆ ಪ್ರತಿ ಸಲ ಉತ್ತರ ಹೇಳಿಯೇ ಹೋಗುತ್ತಿದ್ದಳು.

ಜುಲೈ ಬಂತು. ಹೆಲ್ವಿ ಓಸ್ಮೊನನ್ನು ತಲೆಕೆಳಗಾಗಿ ನೇತುಹಾಕಿಕೊಂಡು ನಿಂತಾಗ ಜನ ಶಿಳ್ಳೆ ಹೊಡೆದರು. ಅಡ್ಡಗಳನ್ನು ಅವಳು ಹಾರಲಿಲ್ಲ, ಹೊಸ್ತಿಲು ದಾಟುವಂತೆ ದಾಟಿದಳು. ನೀರಿಗೆ ಇಳಿದಾಗ ನೀರೇ ಅರ್ಧ ಹೊರಗೆ ಹೋಯಿತು. ಕೌಕೊ ಪಕ್ಕದಲ್ಲೇ ಓಡುತ್ತಿದ್ದ. ಗುರಿ ಮುಟ್ಟಿದಾಗ ಹೆಲ್ವಿ ಮುಂದಿದ್ದಳು. ಎಷ್ಟು? ಕಾಲಿನ ಹೆಬ್ಬೆರಳಿನಷ್ಟು. ಹೊರಿಸಿಕೊಂಡು ಬಂದವರ ತೂಕದಷ್ಟು ಬಿಯರ್ ಎಂದಾಗ ತಕ್ಕಡಿಯ ಮೇಲೆ ಓಸ್ಮೊ ಉಸಿರು ಬಿಗಿಹಿಡಿದು ಕೂತ. ಆ ಸ್ಪರ್ಧೆಯ ಚರಿತ್ರೆಯಲ್ಲಿ ಅಷ್ಟು ಬಿಯರ್ ಯಾರಿಗೂ ಸಿಕ್ಕಿರಲಿಲ್ಲ.

"ಹಿಮ್ಮಡಿ ಹೇಗಿತ್ತು?" ಎಂದು ಹೆಲ್ವಿ ಕೇಳಿದಳು.

"ಗಟ್ಟಿಯಾಗಿತ್ತು," ಎಂದ ಓಸ್ಮೊ. ಜೇಬಿನಿಂದ ಕಾಡುಕೋಣದ ಬಿಲ್ಲೆ ತೆಗೆದು, ಉರಿಬಿಸಿಲಿನಲ್ಲಿ, ತನ್ನ ಅಂಗಿಗೆ ತಾನೇ ಚುಚ್ಚಿಕೊಂಡ.

ಓದಿದ ಅಣ್ಣಂದಿರೇ, ಅಕ್ಕಂದಿರೇ, ಈ ಕಥೆಯಲ್ಲಿ ಅಲ್ಲಲ್ಲಿ ಉಪ್ಪು ಖಾರ ಬಿದ್ದಿದೆ. ಮೀಸೆಯ ಪೊರಕೆಯನ್ನು ನೀವು ನಂಬದಿದ್ದರೂ ಚಿಂತೆಯಿಲ್ಲ. ಆದರೆ ಮಾರ್ಯುತ್ ಹೇಳಿದ ಮಾತುಗಳಿಗೆ ಒಂದು ಹರಳು ಉಪ್ಪನ್ನೂ ಹಾಕಿಲ್ಲ. ಮಳೆಯಾಗಿ ಹೆಪ್ಪುಗಟ್ಟಿ ಮೇಲೆ ಹೊಸ ಹಿಮ ಬಿದ್ದ ದಿನ ಹೊರಗೆ ಓಡಬೇಡಿ. ಮನೆಯೊಳಗೆ, ಕೊಟ್ಟಿಗೆಯಲ್ಲಿ, ಮೆಟ್ಟಿಲ ಮೇಲೆ ಓಡಿ. ಹೊರಗೆ ಓಡುವ ದಿನ ಬೂಟಿಗೆ ಮೊಳೆ, ಮೈಗೆ ಉಣ್ಣೆ, ಮೇಲೊಂದು ಬಿಲ್ಲೆ, ಜೇಬಿನಲ್ಲಿ ಫೋನು ಇರಲಿ. ಸೌನಾದಿಂದ ಬೆವರುತ್ತಾ ಎದ್ದು ಹೊರಗೆ ಓಡಬೇಡಿ. ಮನೆಯಲ್ಲಿ ಒಬ್ಬರಿಗೆ ಹೇಳದೆ ಹೊಸ್ತಿಲು ದಾಟಬೇಡಿ. ಯಾರಾದರೂ ಬಿದ್ದಿದ್ದರೆ ನೆರವಿಗೆ ಹೋಗಿ, ಆದರೆ ಬಾತುಕೋಳಿಯಂತೆ ಹೋಗಿ. ಕೌಕೊನಂತೆ ಹೋದರೆ ಎತ್ತಬೇಕಾದವರು ಇಬ್ಬರಾಗುತ್ತೀರಿ.

ನಗುವವರು ನಗಲಿ. ಲುಮ್ಮೆಲಾದಲ್ಲಿ ಈಗ ಬೂಟಿನ ಮೇಲೆ ಕಾಲುಚೀಲ ಹಾಕಿಕೊಳ್ಳದವನನ್ನು ನೋಡಿ ಊರೇ ನಗುತ್ತದೆ. ಕೌಕೊ ಎರಡು ಜೊತೆ ತರಿಸಿಕೊಂಡಿದ್ದಾನೆ. ಹೆಲ್ವಿಯ ತಾಯಿಯೇ ಹೆಣೆಯಬೇಕೆಂದು ಹಟ ಹಿಡಿದು ಹೆಣೆಸಿದ್ದು. ನಿಮ್ಮ ಮನೆಯ ಗೂಟದಲ್ಲಿಯೂ ಒಂದು ಬಿಲ್ಲೆ ನೇತಾಡುತ್ತಿರಬಹುದು. ಈಗಲೇ ಎದ್ದು ಹೋಗಿ ಕೋಟಿಗೆ ಚುಚ್ಚಿಕೊಳ್ಳಿ. ಪ್ರತಿಯೊಬ್ಬರ ಬೆನ್ನಿಗೂ ಹೆಲ್ವಿ ಹೆಸರಿನ ಮೂಟೆ ಇರುವುದಿಲ್ಲ.